ಟಿಚ್‌ಬೋರ್ನ್ ಪ್ರಕರಣ: ಹೆತ್ತ ತಾಯಿಯೇ ಗುರುತಿಸಿದ ಮೇಲೆ ಕೋರ್ಟಿಗೇನು ಕೆಲಸ?

ಕೆಂಪುಮಸಿ:

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡನ್ನು ವರ್ಷಗಟ್ಟಲೆ ಕುಣಿಸಿದ ಈ ಮೊಕದ್ದಮೆಯ ಬಗ್ಗೆ ಇಲ್ಲಿ ಯಾರೂ ಬರೆದಂತಿಲ್ಲ. ಗೊತ್ತಿಲ್ಲದವರಿಗಾಗಿ ಮೊದಲು ಕಥೆ, ಆಮೇಲೆ ನನ್ನ ಪ್ರಶ್ನೆ.

ಹ್ಯಾಂಪ್‌ಶೈರಿನ ಟಿಚ್‌ಬೋರ್ನ್ ಮನೆತನದವರು ತಲೆತಲಾಂತರದಿಂದ ಕ್ಯಾಥೊಲಿಕರು, ದೊಡ್ಡ ಜಮೀನ್ದಾರರು. ವರ್ಷಕ್ಕೆ 20,000 ಪೌಂಡಿಗೂ ಮೀರಿದ ಹುಟ್ಟುವಳಿ, ಅದರ ಮೇಲೆ ಅಪ್ಪನಿಂದ ಮಗನಿಗೆ ಇಳಿದುಬರುವ ಬ್ಯಾರೊನೆಟ್ ಪದವಿ. ವಾರಸುದಾರನಾಗಬೇಕಿದ್ದ ರೋಜರ್ 1829ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದವನು. ಹದಿನಾರು ವರ್ಷದವರೆಗೆ ಹೆಚ್ಚುಕಡಿಮೆ ಫ್ರಾನ್ಸಿನಲ್ಲೇ ಬೆಳೆದ. ಆಮೇಲೆ ಸ್ಟೋನಿಹರ್ಸ್ಟ್‌ನ ಜೆಸ್ಯೂಟ್ ಶಾಲೆ, ಆಮೇಲೆ ಕುದುರೆ ಸೈನ್ಯ. ದೊಡ್ಡಪ್ಪನ ಮಗಳು ಕ್ಯಾಥರೀನ್ ಡೌಟಿಯನ್ನು ಮದುವೆಯಾಗಬೇಕೆಂದುಕೊಂಡ, ಮನೆಯವರು ಒಪ್ಪಲಿಲ್ಲ. 1853ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೊರಟುಹೋದ. 1854ರ ಏಪ್ರಿಲಿನಲ್ಲಿ ರಿಯೋದಿಂದ ಹೊರಟ 'ಬೆಲ್ಲಾ' ಎಂಬ ಹಡಗನ್ನು ಹತ್ತಿದ. ಕೆಲವೇ ದಿನಗಳಲ್ಲಿ ಆ ಹಡಗಿನ ಹೆಸರಿದ್ದ ದೋಣಿಯೊಂದು ಬ್ರೆಜಿಲ್ ಕರಾವಳಿಯಾಚೆ ಬೋರಲಾಗಿ ತೇಲುತ್ತಿದ್ದುದು ಕಂಡಿತು. ಹಡಗಿನವರು ಯಾರೂ ಸಿಗಲಿಲ್ಲ.

ಮಗ ಸತ್ತನೆಂದು ತಂದೆ ನಂಬಿದ, ತಾಯಿ ಹೆನ್ರಿಯೆಟ್ ನಂಬಲಿಲ್ಲ. ಗಂಡ 1862ರಲ್ಲಿ ತೀರಿಕೊಂಡ ಮೇಲೆ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಳು, ಬಹುಮಾನ ಸಾರಿದಳು. ಆಸ್ಟ್ರೇಲಿಯಾದ ವಾಗಾ ವಾಗಾ ಎಂಬ ಊರಿನಲ್ಲಿ ದಿವಾಳಿಯ ಅಂಚಿನಲ್ಲಿದ್ದ ಕಟುಕನೊಬ್ಬ, ಹೆಸರು ಟಾಮಸ್ ಕ್ಯಾಸ್ಟ್ರೊ, ವಕೀಲರ ಮುಂದೆ ಹಡಗು ಮುಳುಗಿದ ಮಾತು, ಇಂಗ್ಲೆಂಡಿನಲ್ಲಿ ಆಸ್ತಿಯಿರುವ ಮಾತು ಆಡಿದ್ದ. ಅವನ ಹೊಗೆಕೊಳವೆಯ ಮೇಲೆ ಆರ್, ಸಿ, ಟಿ ಎಂಬ ಅಕ್ಷರಗಳಿದ್ದವು. ನೀನೇ ಅಲ್ಲವೇ ಎಂದು ಕೇಳಿದರು, ಮೊದಲು ಕೊಸರಾಡಿ ಆಮೇಲೆ ನಾನೇ ಎಂದ.

1867ರ ಜನವರಿಯಲ್ಲಿ ಪ್ಯಾರಿಸ್ಸಿನ ಹೋಟೆಲೊಂದರಲ್ಲಿ ತಾಯಿ ಮಗನ ಭೇಟಿ. ಮೈಗೆ ಹುಷಾರಿಲ್ಲವೆಂದು ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ತಾಯಿ ಬಗ್ಗಿ ನೋಡಿ, ಮುಖ ಅಪ್ಪನಂತಿದೆ, ಕಿವಿ ಚಿಕ್ಕಪ್ಪನಂತಿದೆ ಎಂದಳು. ಅಲ್ಲಿಗೆ ಮುಗಿಯಿತು. ವರ್ಷಕ್ಕೆ 1,000 ಪೌಂಡ್ ಗೊತ್ತುಮಾಡಿದಳು.

ನನ್ನ ಪ್ರಶ್ನೆ ಇಷ್ಟೇ. ತಾಯಿ ಮೋಸಹೋದಳೋ, ಗೊತ್ತಿದ್ದೂ ಒಪ್ಪಿಕೊಂಡಳೋ?

ನಿವೃತ್ತ ಮೇಷ್ಟ್ರು:

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದನ್ನು ಕೇಳಿದ್ದೆ. ಇಲ್ಲಿ ಹೆಗ್ಗಣವೇ ಬಂದು ನಾನು ನಿನ್ನ ಮಗ ಎಂದಿತು, ಅಷ್ಟೇ ವ್ಯತ್ಯಾಸ.

ರೋಜರ್‌ಗೆ ಫ್ರೆಂಚ್ ತಾಯಿನುಡಿ. ಇಂಗ್ಲಿಷನ್ನು ಅವನು ಫ್ರೆಂಚ್ ರಾಗದಲ್ಲೇ ಮಾತನಾಡುತ್ತಿದ್ದ, ಸೈನ್ಯದಲ್ಲಿ ಅದಕ್ಕಾಗಿಯೇ ಗೇಲಿಗೊಳಗಾಗಿದ್ದ. ಬಂದವನಿಗೆ ಒಂದು ಫ್ರೆಂಚ್ ವಾಕ್ಯ ಬಾರದು. ಹದಿಮೂರು ವರ್ಷದಲ್ಲಿ ಭಾಷೆ ತುಕ್ಕು ಹಿಡಿಯುತ್ತದೆ, ಒಪ್ಪೋಣ. ಆದರೆ ಉಣ್ಣುವಾಗ, ಬೈಯುವಾಗ, ಲೆಕ್ಕ ಹಾಕುವಾಗ ಬಾಯಿಗೆ ಬರುವ ಮಾತು ಪೂರ್ತಿ ಅಳಿಸಿಹೋಗುತ್ತದೆಯೇ? ಮೂವತ್ತು ವರ್ಷ ಪಾಠ ಹೇಳಿದವನಾಗಿ ಹೇಳುತ್ತೇನೆ, ಹುಡುಗರು ಕಲಿತದ್ದನ್ನು ಮರೆಯುತ್ತಾರೆ, ಆಡಿ ಬೆಳೆದದ್ದನ್ನು ಮರೆಯುವುದಿಲ್ಲ. ಪ್ಯಾರಿಸ್ಸಿನಲ್ಲಿ ರೋಜರ್‌ಗೆ ಪಾಠ ಹೇಳಿದ್ದ ಶಾತಿಯೋಂ ಎಂಬ ಮೇಷ್ಟ್ರನ್ನು ಕರೆಸಿ ತೋರಿಸಿದರು. ಆತ ನೋಡಿದ ಕೂಡಲೇ ಇವನು ಅವನಲ್ಲ ಎಂದ. ತಾಯಿ ಕಿವಿಗೊಡಲಿಲ್ಲ. ಮೇಷ್ಟ್ರುಗಳ ಮಾತಿಗೆ ಯಾವ ಕಾಲದಲ್ಲೂ ಬೆಲೆ ಇಲ್ಲ.

ಶಿರಸಿಯವಳು:

ಮೇಷ್ಟ್ರೇ, ತಾಯಿಯನ್ನು ಅಷ್ಟು ಬೇಗ ಪೆದ್ದಿ ಎಂದು ತಳ್ಳಿಹಾಕಬೇಡಿ.

ಅವಳ ಸಂಸಾರ ಸುಖದ್ದಲ್ಲ. ಗಂಡನ ಮನೆತನವನ್ನೂ ಇಂಗ್ಲೆಂಡನ್ನೂ ಅವಳು ಇಷ್ಟಪಡಲಿಲ್ಲ, ಮಗನನ್ನು ಫ್ರೆಂಚನನ್ನಾಗಿಯೇ ಬೆಳೆಸಲು ಹಟ ಹಿಡಿದಳು. ತಂದೆ ಅವನನ್ನು ಸಂಬಂಧಿಯೊಬ್ಬರ ಅಂತ್ಯಕ್ರಿಯೆಯ ನೆಪದಲ್ಲಿ ಇಂಗ್ಲೆಂಡಿಗೆ ಕರೆದೊಯ್ದು ಅಲ್ಲೇ ಶಾಲೆಗೆ ಸೇರಿಸಿದ. ಅಂದರೆ ಮಗ ಅವಳ ಕೈತಪ್ಪಿದ್ದು 1854ರಲ್ಲಿ ಅಲ್ಲ, ಅದಕ್ಕೂ ಮೊದಲೇ. ಕಣಿ ಹೇಳುವವಳೊಬ್ಬಳು ಮಗ ಬದುಕಿದ್ದಾನೆ ಎಂದಿದ್ದಳು. ಮುಳುಗಿದ ಹಡಗಿನವರನ್ನು ಆಸ್ಟ್ರೇಲಿಯಾಕ್ಕೆ ಹೋಗುವ ಹಡಗು ಎತ್ತಿಕೊಂಡಿತಂತೆ ಎಂದು ಮನೆ ಬಾಗಿಲಿಗೆ ಬಂದ ನಾವಿಕನೊಬ್ಬ ಹೇಳಿಹೋಗಿದ್ದ.

ವಾಗಾದಿಂದ ಬಂದ ಮೊದಲ ಪತ್ರದಲ್ಲಿ ಅವನು ಗುರುತಿಗಾಗಿ ಎರಡು ವಿಷಯ ಬರೆದಿದ್ದ: ಪಕ್ಕೆಯ ಮೇಲಿನ ಕಂದು ಮಚ್ಚೆ, ಬ್ರೈಟನ್ನಿನಲ್ಲಿ ನಡೆದ ಇಸ್ಪೀಟಿನ ಪ್ರಕರಣ. ಎರಡೂ ತಾಯಿಗೆ ಗೊತ್ತಿಲ್ಲ. ಬೇರೆ ಯಾರಾದರೂ ಅಲ್ಲಿಗೇ ಪತ್ರ ಹರಿದುಹಾಕುತ್ತಿದ್ದರು. ಅವಳೋ, ಪಾಪ, ನನ್ನ ರೋಜರ್‌ಗೆ ಕನಸಿನಲ್ಲಿ ಆದಂತೆ ಎಲ್ಲವೂ ಕಲಸಿಹೋಗಿದೆ, ಅವನು ಹೇಳುವುದು ನಾನು ಬಲ್ಲದ್ದಕ್ಕೆ ಹೊಂದದಿದ್ದರೂ ಅವನು ನನ್ನ ಮಗನೇ ಎಂಬರ್ಥದಲ್ಲಿ ಬರೆದಳು. ಈ ಸಾಲನ್ನು ಬರೆದವಳಿಗೆ ವ್ಯತ್ಯಾಸ ಕಾಣಿಸಿಲ್ಲ ಎನ್ನಲಾಗುವುದಿಲ್ಲ. ಕಂಡಿದೆ, ಕಂಡದ್ದನ್ನು ಬದಿಗೆ ಸರಿಸಿದ್ದಾಳೆ. ಹಾಗಾಗಿ ಕೆಂಪುಮಸಿಯವರ 'ಮೋಸಹೋದಳೋ ಒಪ್ಪಿಕೊಂಡಳೋ' ಎಂಬ ಎರಡರಲ್ಲಿ ನನ್ನ ಮತ ಎರಡನೆಯದಕ್ಕೆ.

ಇನ್ನೊಂದು. ಚಿಕ್ಕ ಮಗ ಆಲ್ಫ್ರೆಡ್ 1866ರ ಫೆಬ್ರುವರಿಯಲ್ಲಿ ತೀರಿಕೊಂಡಿದ್ದ. ಕುಡಿತ, ದುಂದುವೆಚ್ಚ, ಆಸ್ತಿ ಪೂರ್ತಿ ಸಾಲದಲ್ಲಿ. ಒಬ್ಬ ಮಗನೂ ಉಳಿಯದ ತಾಯಿ ಅವಳು ಆಗ. ಅದೇ ವರ್ಷದ ಕೊನೆಗೆ ಇವನು ಹಡಗಿನಿಂದಿಳಿದ.

ಬೀದಿದೀಪ:

ಆಲ್ಫ್ರೆಡ್ ಸತ್ತ ಮೇಲೆ ಆಸ್ತಿ ಯಾರಿಗೆ ಹೋಯಿತು? ತಾಯಿಗೆ ಬರಲಿಲ್ಲವೇ? ಅವಳೇ ಒಪ್ಪಿಕೊಂಡ ಮೇಲೆ ಕೋರ್ಟು ಕಚೇರಿ ಯಾಕೆ ಬೇಕಾಯಿತು?

ವಕೀಲರ ಮಗಳು:

ಇಡೀ ಪ್ರಕರಣದ ಬೀಗದಕೈ ಈ ಪ್ರಶ್ನೆಯಲ್ಲಿದೆ. ಕೊಂಚ ವಿವರವಾಗಿ ಬರೆಯುತ್ತೇನೆ.

ಅಲ್ಲಿಯ ದೊಡ್ಡ ಜಮೀನು ತಾಯಿಯ ಕೈಗೆ ಬರುವಂಥದ್ದಲ್ಲ. ಹಿರಿಯ ಮಗನಿಗೆ, ಅವನಿಲ್ಲದಿದ್ದರೆ ಮುಂದಿನ ಗಂಡು ಸಂತಾನಕ್ಕೆ. ಆಲ್ಫ್ರೆಡ್ ಸತ್ತಾಗ ಹೆಂಡತಿ ತೆರೇಸಾ ಗರ್ಭಿಣಿ. 1866ರ ಮೇ ತಿಂಗಳಲ್ಲಿ ಗಂಡು ಮಗು ಹುಟ್ಟಿತು, ಹುಟ್ಟುತ್ತಲೇ ಹನ್ನೆರಡನೆಯ ಬ್ಯಾರೊನೆಟ್ ಆಯಿತು. ಆ ಮಗುವಿನ ಪರವಾಗಿ ಆಸ್ತಿ ನೋಡಿಕೊಳ್ಳುತ್ತಿದ್ದ ಕುಟುಂಬದ ಎದುರಿಗೆ ಈ ಮನುಷ್ಯ ನಿಂತ. ರೋಜರ್ ಬದುಕಿದ್ದರೆ ಮಗುವಿಗೆ ಏನೂ ಇಲ್ಲ. ಅಜ್ಜಿಯ ಮಾತಿನ ಮೇಲೆ ಮೊಮ್ಮಗನ ಪಾಲು ಕಿತ್ತುಕೊಡಲು ಯಾರೂ ಸಿದ್ಧರಿರಲಿಲ್ಲ. ಅಜ್ಜಿಯೂ ಸಾಕ್ಷಿ ಹೇಳಲು ಉಳಿಯಲಿಲ್ಲ, 1868ರ ಮಾರ್ಚಿನಲ್ಲಿ ತೀರಿಕೊಂಡಳು. ಅವನ ಕೈಯಲ್ಲಿದ್ದ ದೊಡ್ಡ ಆಧಾರವೇ ಕಳಚಿತು.

ಪದವಿಗಾಗಿ ನೇರವಾಗಿ ದಾವೆ ಹೂಡಲಿಲ್ಲ. ಟಿಚ್‌ಬೋರ್ನ್ ಬಂಗಲೆಯನ್ನು ಲಷಿಂಗ್ಟನ್ ಎಂಬ ಕರ್ನಲ್‌ಗೆ ಬಾಡಿಗೆಗೆ ಕೊಟ್ಟಿದ್ದರು. ಇದು ನನ್ನ ಆಸ್ತಿ, ಬಾಡಿಗೆದಾರನನ್ನು ಬಿಡಿಸಿಕೊಡಿ ಎಂದು ದಾವೆ. ಬಿಡಿಸಿಕೊಡಬೇಕೆಂದರೆ ಇವನು ರೋಜರ್ ಎಂದು ಸಾಬೀತಾಗಬೇಕು. ಸಾಬೀತುಮಾಡುವ ಹೊಣೆ ವಾದಿಯ ಮೇಲೆ. ನಮ್ಮಲ್ಲೂ ಬಾಡಿಗೆದಾರನ ತಕರಾರಿನ ನೆಪದಲ್ಲಿ ದಾಯಾದಿಗಳ ಹಕ್ಕೇ ಇತ್ಯರ್ಥವಾಗುವ ಮೊಕದ್ದಮೆಗಳನ್ನು ಅಪ್ಪ ನಡೆಸುತ್ತಿದ್ದರು, ತಂತ್ರ ಹೊಸದಲ್ಲ.

1871ರ ಮೇ 11ರಂದು ಶುರುವಾದ ವಿಚಾರಣೆ 1872ರ ಮಾರ್ಚ್ 6ರವರೆಗೆ ನಡೆಯಿತು. ಅವನ ಪರ ಬ್ಯಾಲಂಟೈನ್, ಕುಟುಂಬದ ಪರ ಕೋಲ್‌ರಿಜ್. ಅವನ ಪರವಾಗಿ ನೂರಕ್ಕೂ ಹೆಚ್ಚು ಸಾಕ್ಷಿಗಳು. ಸೈನ್ಯದ ಹಳೆಯ ಜೊತೆಗಾರರು, ಊರಿನ ಗೇಣಿದಾರರು. ಸುಳ್ಳು ಸಾಕ್ಷಿಗಳು ಎಂದು ಎಲ್ಲರನ್ನೂ ತಳ್ಳಿಹಾಕಲಾಗದು, ಬಹಳ ಮಂದಿ ನಿಜವಾಗಿಯೇ ನಂಬಿದ್ದರು.

ಬೀದಿದೀಪ:

ನೂರು ಜನ! ಹಾಗಿದ್ದರೆ ಇಲ್ಲಿ ಎಲ್ಲರೂ ಅವನನ್ನು ವೇಷಧಾರಿ ಎಂದು ಮೊದಲೇ ತೀರ್ಮಾನಿಸಿರುವುದು ಹೇಗೆ? ಆಸ್ತಿ ಉಳಿಸಿಕೊಳ್ಳಲು ದೊಡ್ಡವರು ಬಡಪಾಯಿಯನ್ನು ತುಳಿದಿರಬಾರದೇಕೆ?

ಕೆಂಪುಮಸಿ:

ಆಗಿನ ಜನಸಾಮಾನ್ಯರು ಕೇಳಿದ್ದೂ ಇದನ್ನೇ.

ಆದರೆ ಅವನು ಆ ನೂರು ಜನರನ್ನು ಹೇಗೆ ಕೂಡಿಸಿದ ನೋಡಿ. ರೋಜರ್ ಇದ್ದ ದಳದ ಇಬ್ಬರು ಹಳೆಯ ಸಿಪಾಯಿಗಳನ್ನು ಮನೆಗೆಲಸಕ್ಕೆ ಇಟ್ಟುಕೊಂಡ. ಅವರು ಬೆಳಿಗ್ಗೆ ಕಾಫಿ ಕೊಡುತ್ತ ಸೈನ್ಯದ ಕಥೆ ಹೇಳುತ್ತಾರೆ, ಇವನು ಸಂಜೆ ಇನ್ನೊಬ್ಬ ಸಿಪಾಯಿಗೆ ಅದೇ ಕಥೆ ಹೇಳುತ್ತಾನೆ. ಕೇಳಿದವನು, ಇದು ನಮ್ಮ ದಳದಲ್ಲಿದ್ದವನಿಗಲ್ಲದೆ ಬೇರೆಯವರಿಗೆ ಗೊತ್ತಾಗುವುದು ಸಾಧ್ಯವೇ ಇಲ್ಲ ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಾನೆ. ಸಿಡ್ನಿಯಲ್ಲೇ ಅವನಿಗೆ ಮನೆತನದ ಹಳೆಯ ಸೇವಕ ಆಂಡ್ರ್ಯೂ ಬೋಗಲ್ ಸಿಕ್ಕಿದ್ದ. ಹಡಗಿನ ಪಯಣ ತಿಂಗಳುಗಟ್ಟಲೆಯದು, ಬೋಗಲ್ ಜೊತೆಗೇ ಇದ್ದ. ತಾಯಿಯ ಕೈಯಲ್ಲಿದ್ದ ರೋಜರ್‌ನ ಹಳೆಯ ಪತ್ರಗಳೂ ಆಮೇಲೆ ಸಿಕ್ಕವು.

ಮೈಕಟ್ಟಿನ ವಿಷಯ ಕೇಳಬೇಡಿ. ರೋಜರ್ ಕಡ್ಡಿಯಂಥವನು. ಇವನು ಇಂಗ್ಲೆಂಡಿಗೆ ಬಂದು ವಾರಸುದಾರನ ಊಟ ಉಣ್ಣತೊಡಗಿದ ಮೇಲೆ ಮುನ್ನೂರು ಪೌಂಡ್ ತೂಕ ದಾಟಿದ. ಪತ್ರಿಕೆಗಳ ವ್ಯಂಗ್ಯಚಿತ್ರಕಾರರಿಗೆ ಸುಗ್ಗಿ.

ವಕೀಲರ ಮಗಳು:

ತಾನು ಯಾರು ಎಂಬುದನ್ನು ಅವನೇ ಮೊದಲ ರಾತ್ರಿ ಹೇಳಿಕೊಟ್ಟ. 1866ರ ಕ್ರಿಸ್ಮಸ್ ದಿನ ಲಂಡನ್ನಿಗೆ ಬಂದಿಳಿದವನು ತಾಯಿಯ ಹತ್ತಿರ ಓಡಲಿಲ್ಲ. ಥೇಮ್ಸ್ ದಡದ ವಾಪಿಂಗ್ ಎಂಬ ನಾವಿಕರ ಕೇರಿಗೆ ಹೋಗಿ ಆರ್ಟನ್ ಎಂಬ ಕಟುಕನ ಮನೆಯವರು ಎಲ್ಲಿದ್ದಾರೆ ಎಂದು ವಿಚಾರಿಸಿದ. ಕುಟುಂಬದವರು ನೇಮಿಸಿದ ಪತ್ತೇದಾರ, ಸ್ಕಾಟ್‌ಲೆಂಡ್ ಯಾರ್ಡಿನಿಂದ ನಿವೃತ್ತನಾದ ಜೊನಾಥನ್ ವಿಚರ್, ಇದನ್ನು ಪತ್ತೆಹಚ್ಚಿದ. ಆ ಮನೆಯ ಕಿರಿಯ ಮಗ ಆರ್ಥರ್ ಆರ್ಟನ್, ಹುಟ್ಟಿದ್ದು 1834ರಲ್ಲಿ. ಹುಡುಗನಾಗಿದ್ದಾಗ ಹಡಗು ಹತ್ತಿ, ಚಿಲಿಯಲ್ಲಿ ಇಳಿದು ತಪ್ಪಿಸಿಕೊಂಡು, ಮೆಲಿಪಿಲ್ಲಾ ಎಂಬ ಊರಿನಲ್ಲಿ ಒಂದು ಮನೆಯವರ ಆಸರೆಯಲ್ಲಿದ್ದ. ಆ ಮನೆಯವರ ಹೆಸರು ಕ್ಯಾಸ್ಟ್ರೊ. ವಾಗಾದ ಕಟುಕ ಇಟ್ಟುಕೊಂಡ ಹೆಸರು ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಿಲ್ಲ. ವಾಪಿಂಗ್‌ನಲ್ಲಿ ಆರ್ಥರ್‌ನ ಹಳೆಯ ಪ್ರೇಯಸಿ ಮೇರಿ ಆನ್ ಲೋಡರ್ ಕೂಡ ಇವನನ್ನು ನೋಡಿ ಗುರುತಿಸಿದಳು.

ಹಾಗೆ ನೋಡಿದರೆ ಇಲ್ಲಿ ಗುರುತಿಸಿದ ಹೆಂಗಸರು ಇಬ್ಬರು. ತಾಯಿ ಒಂದು ಹೆಸರಿನಿಂದ ಕರೆದಳು, ಹಳೆಯ ಗೆಳತಿ ಇನ್ನೊಂದು ಹೆಸರಿನಿಂದ.

ನಿವೃತ್ತ ಮೇಷ್ಟ್ರು:

ಹಚ್ಚೆಯ ವಿಷಯ ಯಾರೂ ಎತ್ತಲಿಲ್ಲ. ಸ್ಟೋನಿಹರ್ಸ್ಟ್‌ನಲ್ಲಿ ರೋಜರ್‌ನ ಸಹಪಾಠಿಯಾಗಿದ್ದ ಬೆಲ್ಯೂ ಪ್ರಭು ಸಾಕ್ಷಿ ಕಟ್ಟೆ ಹತ್ತಿ, ರೋಜರ್‌ನ ತೋಳಿನ ಮೇಲೆ ಹಚ್ಚೆ ಇತ್ತು, ನಾನೇ ಒಂದಿಷ್ಟು ಚುಚ್ಚಿದ್ದೆ ಎಂದ. ಹೃದಯ, ಶಿಲುಬೆ, ಲಂಗರು. ಇವನ ತೋಳು ಬಿಳಿ ಹಾಳೆ. ಜ್ಯೂರಿಯವರು ಅಲ್ಲಿಗೆ ಎದ್ದು, ನಾವು ಕೇಳಿದ್ದು ಸಾಕು ಎಂದರು. ದಾವೆ ಬಿದ್ದಿತು, ಸುಳ್ಳು ಸಾಕ್ಷ್ಯದ ಆರೋಪದ ಮೇಲೆ ಅವನನ್ನು ಹಿಡಿದು ಒಳಗೆ ಹಾಕಿದರು. ಭಾಷೆ, ಹಚ್ಚೆ, ವಾಪಿಂಗ್, ಮೂರೇ ಸಾಕಿತ್ತು. ಅದಕ್ಕೆ ನೂರು ದಿನ ಬೇಕಾಯಿತೆಂದರೆ ವಕೀಲರ ಹೊಟ್ಟೆಪಾಡು ಎನ್ನಬೇಕಷ್ಟೆ. (ವಕೀಲರ ಮಗಳು ಮುನಿಸಿಕೊಳ್ಳಬಾರದು.)

ಶಿರಸಿಯವಳು:

ಮೇಷ್ಟ್ರೇ, ಹಚ್ಚೆ ಕೊನೆಯ ಮೊಳೆ. ಪೆಟ್ಟಿಗೆಯನ್ನು ಮಾಡಿಕೊಟ್ಟವನು ಅವನೇ. ಅದು ಮೊಹರು ಹಾಕಿದ ಲಕೋಟೆಯ ಪ್ರಸಂಗ, ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು.

ರೋಜರ್ ಹೊರಡುವ ಮೊದಲು ಮನೆತನದ ಪಾರುಪತ್ಯಗಾರ ವಿನ್ಸೆಂಟ್ ಗಾಸ್‌ಫರ್ಡ್‌ನ ಕೈಯಲ್ಲಿ ಒಂದು ಲಕೋಟೆ ಕೊಟ್ಟುಹೋಗಿದ್ದ. ರೋಜರ್ ಸತ್ತನೆಂದು ಖಚಿತವಾದ ಮೇಲೆ ಗಾಸ್‌ಫರ್ಡ್ ಅದನ್ನು ಸುಟ್ಟುಹಾಕಿದ. ವರ್ಷಗಳ ನಂತರ ಈ ಮನುಷ್ಯ ಬಂದಾಗ ಎಲ್ಲರೂ ಕೇಳಿದ ಪ್ರಶ್ನೆ: ಲಕೋಟೆಯಲ್ಲಿ ಏನಿತ್ತು? ಯಾವ ಸಿಪಾಯಿಯೂ ಸೇವಕನೂ ಹೇಳಿಕೊಡಲಾಗದ ಪ್ರಶ್ನೆ. ಅವನು ಮೊದಮೊದಲು ಜಾರಿಕೊಂಡ. ಕಾಗದ ಉಳಿದಿಲ್ಲ ಎಂದು ಗೊತ್ತಾದ ಮೇಲೆ ಬಾಯಿ ಬಿಟ್ಟ. ನಾನು ಊರು ಬಿಡುವ ಹೊತ್ತಿಗೆ ಕ್ಯಾಥರೀನ್ ನನ್ನಿಂದ ಗರ್ಭಿಣಿಯಾಗಿದ್ದಾಳೆಂದು ತಿಳಿದಿದ್ದೆ, ಅವಳ ಬಾಣಂತನದ ಏರ್ಪಾಡನ್ನು ಅದರಲ್ಲಿ ಬರೆದಿಟ್ಟಿದ್ದೆ ಎಂದ.

ಕ್ಯಾಥರೀನ್ 1854ರಲ್ಲೇ ರ್‍ಯಾಡ್‌ಕ್ಲಿಫ್ ಎಂಬಾತನನ್ನು ಮದುವೆಯಾಗಿದ್ದಳು. ಸಂಸಾರಸ್ಥೆ. ಆ ಕಾಲದ ಆ ವರ್ಗದ ಹೆಂಗಸಿನ ಮೇಲೆ ತುಂಬಿದ ನ್ಯಾಯಾಲಯದಲ್ಲಿ, ಪತ್ರಿಕೆಯವರ ಮುಂದೆ, ಪ್ರಮಾಣ ಮಾಡಿ ಈ ಮಾತು ಹೇಳುವುದೆಂದರೆ ಏನೆಂದು ಊಹಿಸಿಕೊಳ್ಳಿ. ಅವನ ಲೆಕ್ಕ ಸ್ಪಷ್ಟವಾಗಿತ್ತು. ಮಾನಕ್ಕೆ ಹೆದರಿ ಅವಳ ಕಡೆಯವರು ರಾಜಿಗೆ ಬರುತ್ತಾರೆ, ಬರದಿದ್ದರೂ ಸುಟ್ಟ ಕಾಗದ ಎದ್ದು ಬಂದು ಎದುರಾಡುವುದಿಲ್ಲ.

ಎದುರಾಡಿತು. ರೋಜರ್ ಆ ಬರಹದ ಒಂದು ಪ್ರತಿಯನ್ನು 1852ರ ಜೂನಿನಲ್ಲಿ ಕ್ಯಾಥರೀನ್‌ಗೂ ಬರೆದುಕೊಟ್ಟಿದ್ದ. ಅವಳು ಅದನ್ನು ಇಟ್ಟುಕೊಂಡಿದ್ದಳು, ಬೇರೆಯವನನ್ನು ಮದುವೆಯಾದ ಮೇಲೂ. ಅದರಲ್ಲಿದ್ದದ್ದು ಒಂದು ಹರಕೆ. ಮೂರು ವರ್ಷದೊಳಗೆ ಕ್ಯಾಥರೀನ್ ನನ್ನ ಹೆಂಡತಿಯಾದರೆ ಟಿಚ್‌ಬೋರ್ನ್‌ನಲ್ಲಿ ಕನ್ಯೆ ಮೇರಿಗೆ ಒಂದು ಗುಡಿ ಕಟ್ಟಿಸುತ್ತೇನೆ ಎಂದು. ಇಪ್ಪತ್ತಮೂರು ವರ್ಷದ ಹುಡುಗ, ಮನೆಯವರು ಒಪ್ಪದ ಹುಡುಗಿ, ದೇವರಿಗೆ ಕಟ್ಟಿಕೊಂಡ ಹರಕೆ. ಇವನಿಗೆ ಅಂಥದ್ದೊಂದು ಇರಬಹುದೆಂದು ಹೊಳೆಯಲೇ ಇಲ್ಲ, ಲಕೋಟೆಗೆ ಮೊಹರು ಹಾಕಿದ್ದಾನೆಂದರೆ ಒಳಗೆ ಹೊಲಸೇ ಇರಬೇಕು ಎಂದು ಅವನ ಊಹೆ.

ಹಚ್ಚೆ ಇಲ್ಲದಿದ್ದರೆ ಅಳಿಸಿಹೋಯಿತು ಎನ್ನಬಹುದು, ಫ್ರೆಂಚ್ ಮರೆತೆ ಎನ್ನಬಹುದು. ಪ್ರೀತಿಸಿದವಳಿಗೆ ತಾನು ಏನು ಬರೆದುಕೊಟ್ಟೆ ಎಂಬುದನ್ನು ಯಾರೂ ಹೀಗೆ ತಿರುಚಿ ಮರೆಯುವುದಿಲ್ಲ.

ವಕೀಲರ ಮಗಳು:

ಶಿರಸಿಯವರೇ, ಈ ಬರಹಕ್ಕೆ ನಮಸ್ಕಾರ. ಒಂದು ಮಾತು ಸೇರಿಸುತ್ತೇನೆ: ಆ ಆರೋಪದ ಮೇಲೆಯೇ ಎರಡನೆಯ ವಿಚಾರಣೆಯಲ್ಲಿ ಪ್ರತ್ಯೇಕ ಸುಳ್ಳುಸಾಕ್ಷ್ಯದ ಆಪಾದನೆ ಹೊರಿಸಿದರು. ಕ್ಯಾಥರೀನ್‌ಳ ಹೆಸರು ಶುದ್ಧವಾಗಲೇಬೇಕೆಂದು ಸರ್ಕಾರವೂ ಹಟ ಹಿಡಿದಿತ್ತು.

ಬೀದಿದೀಪ:

ಕ್ಯಾಥರೀನ್ ವಿಷಯ ಒಪ್ಪಿದೆ. ಇವನ ಹೆಂಡತಿಯೊಬ್ಬಳು ಇದ್ದಳಲ್ಲ, ಅವಳ ಬಗ್ಗೆ ಯಾರೂ ಮಾತನಾಡುತ್ತಿಲ್ಲವೇಕೆ?

ಶಿರಸಿಯವಳು:

ಮೇರಿ ಆನ್ ಬ್ರಯಾಂಟ್. ವಾಗಾದಲ್ಲಿ ಮನೆಗೆಲಸಕ್ಕಿದ್ದ ಓದುಬರಹ ಬಾರದ ಹುಡುಗಿ. 1865ರ ಜನವರಿಯಲ್ಲಿ ಟಾಮಸ್ ಕ್ಯಾಸ್ಟ್ರೊ ಎಂಬವನನ್ನು ಮದುವೆಯಾದಳು, ಪ್ರಾಟೆಸ್ಟೆಂಟ್ ಪಾದ್ರಿಯ ಕೈಯಲ್ಲಿ. ಜೆಸ್ಯೂಟ್ ಶಾಲೆಯಲ್ಲಿ ಓದಿದ ಕಟ್ಟಾ ಕ್ಯಾಥೊಲಿಕ್ ಮನೆತನದ ಹುಡುಗ ಹೀಗೆ ಮದುವೆಯಾಗುತ್ತಾನೆಯೇ ಎಂಬ ಪ್ರಶ್ನೆ ಏಳದಿರಲಿ ಎಂದೋ ಏನೋ, 1866ರಲ್ಲಿ ಅದೇ ಗಂಡ ಹೆಂಡತಿ ಕ್ಯಾಥೊಲಿಕ್ ವಿಧಿಯಲ್ಲಿ ಮತ್ತೊಮ್ಮೆ ಮದುವೆಯಾದರು, ಈ ಸಲ ಟಿಚ್‌ಬೋರ್ನ್ ಹೆಸರಿನಲ್ಲಿ. ಒಬ್ಬನೇ ಗಂಡ, ಎರಡು ಮದುವೆ, ಎರಡು ಹೆಸರು. ಅವಳಿಗೆ ನಿಜ ಗೊತ್ತಿತ್ತೇ ಎಂದು ಕೇಳಿದರೆ, ಅವಳಿಗೆ ಗೊತ್ತಿದ್ದ ಯಾವ ಹೆಸರೂ ನಿಜವಾಗಿರಲಿಲ್ಲ.

ಹೊರಡುವ ಮೊದಲು ಅವನು ವಾಗಾದಲ್ಲಿ ಒಂದು ಉಯಿಲು ಬರೆಸಿದ. ಇಲ್ಲದ ಆಸ್ತಿಗಳನ್ನೆಲ್ಲ ಹಂಚಿ, ತಾಯಿಯ ಹೆಸರನ್ನು ಹ್ಯಾನಾ ಫ್ರಾನ್ಸಿಸ್ ಎಂದು ನಮೂದಿಸಿದ. ತಾಯಿಯ ಹೆಸರು ಹೆನ್ರಿಯೆಟ್ ಫೆಲಿಸಿತೆ. ಉಯಿಲು ಬರೆಸಿದವನು ತಾಯಿಯ ಹೆಸರನ್ನೇ ತಪ್ಪಿದ ದಾಖಲೆ ಇನ್ನೊಂದು ಇರಲಾರದು.

ವಕೀಲರ ಮಗಳು:

ಮೇರಿ ಆನ್‌ಳ ಸ್ಥಿತಿಗೆ ಕಾನೂನಿನ ಹಿನ್ನೆಲೆಯೂ ಇದೆ. ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಂಗಸಿಗೆ ಗಂಡನಿಂದ ಬೇರೆಯಾದ ಅಸ್ತಿತ್ವವೇ ಇಲ್ಲ. ಅವಳ ಕೈಯಲ್ಲಿದ್ದ ಹಣ, ಒಡವೆ, ದುಡಿದದ್ದು ಎಲ್ಲ ಗಂಡನದು. 1870ರ ಕಾಯಿದೆ ಬಂದ ಮೇಲೆ ತಾನು ದುಡಿದದ್ದು ತನ್ನದಾಯಿತು. ಆಸ್ತಿಯ ಪೂರ್ತಿ ಹಕ್ಕು ಸಿಕ್ಕಿದ್ದು 1882ರ ಕಾಯಿದೆಯಿಂದ, ಜಾರಿಯಾದದ್ದು 1883ರ ಜನವರಿ 1ಕ್ಕೆ. ಶ್ರೀಮಂತರು ಇದನ್ನು ಮೊದಲಿನಿಂದಲೂ ತಪ್ಪಿಸಿಕೊಳ್ಳುತ್ತಿದ್ದರು. ಮದುವೆಗೆ ಮುಂಚೆಯೇ ಒಪ್ಪಂದ ಬರೆದು, ಮಗಳ ಪಾಲನ್ನು ಟ್ರಸ್ಟಿಗಳ ಹೆಸರಿಗೆ ಹಾಕಿ, ಅಳಿಯನ ಕೈಗೆ ಸಿಗದಂತೆ ಮಾಡುತ್ತಿದ್ದರು. ಕ್ಯಾಥರೀನ್‌ಳಂಥ ಮನೆತನದ ಹುಡುಗಿಯರಿಗೆ ಆ ಬೇಲಿ ಇರುತ್ತಿತ್ತು. ವಾಗಾದ ಮನೆಗೆಲಸದವಳಿಗೆ ಏನಿದೆ?

ಆ ಕಾಲದ ಕಾದಂಬರಿಗಳಲ್ಲಿ ಹೆಂಡತಿಯ ಗುರುತು ಕದ್ದು, ಹುಚ್ಚಾಸ್ಪತ್ರೆಗೆ ಹಾಕಿ, ಆಸ್ತಿ ನುಂಗುವ ಗಂಡಂದಿರು ಮತ್ತೆ ಮತ್ತೆ ಬರುವುದಕ್ಕೆ ಕಾರಣ ಲೇಖಕರ ಕಲ್ಪನೆಯಷ್ಟೇ ಅಲ್ಲ. ಆಸ್ತಿ ನುಂಗಲು ಪರವಾನಗಿ ಕಾನೂನಿನ ಪುಸ್ತಕದಲ್ಲೇ ಅಚ್ಚಾಗಿತ್ತು.

ತುಂಗೆಯ ದಡ:

ಇಷ್ಟು ಹೊತ್ತು ಓದುತ್ತಿದ್ದೆ. ಇದನ್ನು ಓದುವ ಯಾವ ಭಾರತೀಯನಿಗೂ ಬಂಗಾಳದ ಭವಾಲ್ ಸನ್ಯಾಸಿ ನೆನಪಾಗದಿರುವುದಿಲ್ಲ. 1909ರಲ್ಲಿ ಡಾರ್ಜಿಲಿಂಗ್‌ನಲ್ಲಿ ಸತ್ತನೆಂದು ಎಲ್ಲರೂ ತಿಳಿದಿದ್ದ ಭವಾಲ್ ಜಮೀನ್ದಾರಿಯ ಎರಡನೆಯ ಕುಮಾರ, ಹನ್ನೆರಡು ವರ್ಷಗಳ ನಂತರ ಸನ್ಯಾಸಿಯಾಗಿ ಢಾಕಾದಲ್ಲಿ ಕಾಣಿಸಿಕೊಂಡ. ಅಕ್ಕ ಜ್ಯೋತಿರ್ಮಯಿ ಗುರುತಿಸಿದಳು. ಹೆಂಡತಿ ವಿಭಾವತಿ ಕೊನೆಯವರೆಗೂ ಅಲ್ಲ ಎಂದಳು. 1936ರಲ್ಲಿ ನ್ಯಾಯಾಧೀಶ ಪನ್ನಾಲಾಲ್ ಬಸು ಇವನೇ ಕುಮಾರ ಎಂದು ತೀರ್ಪು ಕೊಟ್ಟರು, 1946ರಲ್ಲಿ ಆಗಿನ ಕೊನೆಯ ಮೇಲ್ಮನವಿಯ ನ್ಯಾಯಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಎತ್ತಿಹಿಡಿಯಿತು.

ಟಿಚ್‌ಬೋರ್ನ್ ಗೆದ್ದಿದ್ದರೆ ಭವಾಲ್ ಸೋಲುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಸತ್ತವನು ಬಂದ ಎಂದವರು ಸೋತರು, ಇಲ್ಲಿ ಗೆದ್ದರು. ಇಲ್ಲಿ ಮೈಮೇಲಿನ ಗುರುತುಗಳು ಒಂದೊಂದಾಗಿ ಹೊಂದಿದವು, ಅಲ್ಲಿ ಇರಬೇಕಾದ ಹಚ್ಚೆಯೇ ಇರಲಿಲ್ಲ. ಬೀದಿದೀಪ ಅವರೇ, ನೀವು ಬಡಪಾಯಿಯ ಪರ ನಿಲ್ಲಬೇಕೆಂದಿದ್ದರೆ ಢಾಕಾಕ್ಕೆ ಬನ್ನಿ, ಗೆಲ್ಲುವ ಪಕ್ಷ ಅಲ್ಲಿದೆ.

ಬೀದಿದೀಪ:

ಬರುತ್ತೇನೆ, ಅದಕ್ಕೆ ಬೇರೆ ಚರ್ಚೆ ಶುರುಮಾಡಿ. ಆದರೆ ಇಂಗ್ಲೆಂಡಿನ ಬಡವರು ಯಾಕೆ ನಂಬಿದರು ಎನ್ನುವುದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.

ಕೆಂಪುಮಸಿ:

ಅವರಿಗೆ ಇವನು ಗೆದ್ದರೆ ಏನೂ ಸಿಗುತ್ತಿರಲಿಲ್ಲ, ಅದೇ ಸೋಜಿಗ. ಮೊದಲ ವಿಚಾರಣೆಗೆ ಹಣ ಬೇಕಾದಾಗ 'ಟಿಚ್‌ಬೋರ್ನ್ ಬಾಂಡ್' ಎಂದು ಅಚ್ಚುಹಾಕಿಸಿ ಮಾರಿದ. ಆಸ್ತಿ ಕೈಗೆ ಬಂದ ಮೇಲೆ 100 ಪೌಂಡ್ ಕೊಡುತ್ತೇನೆ ಎಂಬ ಚೀಟಿ. ಸುಮಾರು 40,000 ಪೌಂಡ್ ಎದ್ದಿತು. ಆಗ ಕೊಂಡವರು ಲಾಭಕ್ಕೆ ಕೊಂಡರು. ಎರಡನೆಯ ವಿಚಾರಣೆಗೆ ಹಣ ಕೊಟ್ಟವರೋ ಊರೂರಿನ ಸಭೆಗಳಲ್ಲಿ ಪುಡಿಗಾಸು ಹಾಕಿದ ಕೂಲಿಕಾರರು. ಅವರ ಕಣ್ಣಿಗೆ ಇವನು ದೊಡ್ಡ ಮನೆಯಲ್ಲಿ ಹುಟ್ಟಿ ದುಡಿದು ತಿನ್ನುವುದನ್ನು ಕಲಿತವನು, ಅದಕ್ಕಾಗಿಯೇ ದೊಡ್ಡವರು ಹೊರಗೆ ಹಾಕಿದರು. ಕ್ಯಾಥೊಲಿಕರ ಮೇಲಿನ ಹಳೆಯ ಗುಮಾನಿ ಜೊತೆಗೆ ಸೇರಿತು. ಸ್ವಾಮಿ, ಒಬ್ಬ ಸಾಮಾನ್ಯ ಕಟುಕ ಇಷ್ಟು ಪೊಗದಸ್ತಾಗಿ ಬ್ಯಾರೊನೆಟ್ ಪಾತ್ರ ಮಾಡಿದನಲ್ಲ ಎಂಬ ಮೆಚ್ಚುಗೆಯೂ ಇದ್ದಿರಬೇಕು. ನನಗಂತೂ ಇದೆ.

ಅವನ ಎರಡನೆಯ ವಕೀಲ ಎಡ್ವರ್ಡ್ ಕೆನೀಲಿ ಈ ಉರಿಗೆ ತುಪ್ಪ ಸುರಿದ. ನ್ಯಾಯಾಧೀಶರನ್ನು, ಸಾಕ್ಷಿಗಳನ್ನು, ಜೆಸ್ಯೂಟರನ್ನು ಬಾಯಿಗೆ ಬಂದಂತೆ ಬೈದ. 1873ರ ಏಪ್ರಿಲಿನಿಂದ 1874ರ ಫೆಬ್ರುವರಿ 28ರವರೆಗೆ, 188 ದಿನಗಳ ವಿಚಾರಣೆ. ಜ್ಯೂರಿ ಅರ್ಧ ಗಂಟೆಯಲ್ಲಿ ತೀರ್ಮಾನಿಸಿತು. ಹದಿನಾಲ್ಕು ವರ್ಷದ ಶಿಕ್ಷೆಯಾಯಿತು. ಕೆನೀಲಿ ವಕೀಲಿ ಸನದನ್ನೂ ಕಳೆದುಕೊಂಡ, ಆದರೆ ಮರುವರ್ಷವೇ ಸ್ಟೋಕ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆರಿಸಿಬಂದ. ಜನ ಎಷ್ಟು ನಂಬಿದ್ದರು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ತುಂಗೆಯ ದಡ:

ಬೋಗಲ್ ಬಗ್ಗೆ ಎರಡು ಸಾಲು ಬರೆಯದೆ ಈ ಚರ್ಚೆ ಮುಗಿಸಬೇಡಿ. ಜಮೈಕಾದ ಕಬ್ಬಿನ ತೋಟದಲ್ಲಿ ಗುಲಾಮನಾಗಿ ಹುಟ್ಟಿದವನು. ರೋಜರ್‌ನ ದೊಡ್ಡಪ್ಪ ಎಡ್ವರ್ಡ್ ಅಲ್ಲಿ ತೋಟದ ಮೇಲ್ವಿಚಾರಕನಾಗಿದ್ದಾಗ ಹುಡುಗನನ್ನು ಇಂಗ್ಲೆಂಡಿಗೆ ಕರೆತಂದ. ದಶಕಗಳ ಚಾಕರಿಯ ಮೇಲೆ ವರ್ಷಕ್ಕೆ 50 ಪೌಂಡ್ ಪಿಂಚಣಿ ಗೊತ್ತಾಗಿತ್ತು. ಈ ಮನುಷ್ಯನ ಪರ ನಿಂತದ್ದಕ್ಕೆ ಅದು ನಿಂತುಹೋಯಿತು. ಪಾಟೀಸವಾಲಿನಲ್ಲಿ ಬೆಚ್ಚದೆ ಬೆದರದೆ ಉತ್ತರ ಕೊಟ್ಟ, ಎದುರು ಪಕ್ಷದವರೂ ಅವನ ಗಾಂಭೀರ್ಯವನ್ನು ಮೆಚ್ಚಿಕೊಂಡರು. ಅವನು ಪಾಠ ಹೇಳಿಕೊಟ್ಟ ಸಂಚುಗಾರನೋ, ನಂಬಿದ ಮುದುಕನೋ? ಸಂಚುಗಾರನಾಗಿದ್ದರೆ ಖಚಿತವಾದ ಪಿಂಚಣಿ ಬಿಟ್ಟು ಅನುಮಾನದ ಆಸ್ತಿಯ ಹಿಂದೆ ಬಿದ್ದ ಲೆಕ್ಕ ನನಗೆ ಅರ್ಥವಾಗುವುದಿಲ್ಲ.

ನಿವೃತ್ತ ಮೇಷ್ಟ್ರು:

ಆಸ್ತಿಯ ಕಥೆಯನ್ನೂ ಮುಗಿಸಿಬಿಡೋಣ. ಮೊಕದ್ದಮೆಗಳಿಗಾಗಿ ಆ ಮನೆತನಕ್ಕೆ 90,000 ಪೌಂಡಿನ ಆಸುಪಾಸು ಖರ್ಚಾಯಿತು. ಗೆದ್ದವನು ಸೋತ, ಸೋತವನು ಸತ್ತ ಎಂಬುದು ಎಲ್ಲ ಕೋರ್ಟುಗಳ ಕಥೆ.

ಆ ಮನೆತನಕ್ಕೆ ಒಂದು ಶಾಪವೂ ಇದೆಯಂತೆ. ನೂರಾರು ವರ್ಷಗಳ ಹಿಂದೆ ಮೇಬೆಲ್ಲಾ ಎಂಬ ಆ ಮನೆಯ ಸೊಸೆ ಸಾವಿನ ಹಾಸಿಗೆಯಲ್ಲಿದ್ದಾಗ, ಬಡವರಿಗೆ ದಾನ ಕೊಡಿ ಎಂದು ಗಂಡನನ್ನು ಬೇಡಿದಳು. ಕೊಳ್ಳಿ ಆರುವುದರೊಳಗೆ ನೀನು ಸುತ್ತಿ ಬಂದಷ್ಟು ನೆಲದ ಫಸಲು ಕೊಡುತ್ತೇನೆ ಎಂದ ಆ ಪುಣ್ಯಾತ್ಮ. ಅವಳು ತೆವಳಿಕೊಂಡೇ 23 ಎಕರೆ ಸುತ್ತಿದಳು. ದಾನ ನಿಲ್ಲಿಸಿದರೆ ಏಳು ಗಂಡುಮಕ್ಕಳ ಪೀಳಿಗೆಯ ಬೆನ್ನಿಗೆ ಏಳು ಹೆಣ್ಣುಮಕ್ಕಳ ಪೀಳಿಗೆ ಬಂದು ಹೆಸರು ಅಳಿಯಲಿ ಎಂದು ಶಪಿಸಿ ಸತ್ತಳು. 1796ರಲ್ಲಿ ದಾನ ನಿಂತಿತು. ಏಳು ಗಂಡು, ಏಳು ಹೆಣ್ಣು ಎರಡೂ ಆಯಿತು. ಹೆದರಿ ಮತ್ತೆ ಶುರುಮಾಡಿದರು. ಈಗಲೂ ಮಾರ್ಚ್ 25ರಂದು ಹಳ್ಳಿಯವರಿಗೆ ಹಿಟ್ಟು ಹಂಚುತ್ತಾರೆ. ಬ್ಯಾರೊನೆಟ್ ಪದವಿ ಮಾತ್ರ 1968ರಲ್ಲಿ ಗಂಡು ಸಂತಾನವಿಲ್ಲದೆ ನಿಂತುಹೋಯಿತು.

ಬೀದಿದೀಪ:

ಶಾಪದ ಕಥೆ ಚೆನ್ನಾಗಿದೆ ಮೇಷ್ಟ್ರೇ. ಆ ಮನುಷ್ಯ ಕೊನೆಗೆ ಒಪ್ಪಿಕೊಂಡನೇ?

ವಕೀಲರ ಮಗಳು:

ಒಪ್ಪಿಕೊಂಡ, ಆಮೇಲೆ ಇಲ್ಲ ಎಂದ. 1884ರಲ್ಲಿ ಬಿಡುಗಡೆಯಾಗಿ ನಾಟಕಶಾಲೆಗಳಲ್ಲಿ, ಸರ್ಕಸ್ಸುಗಳಲ್ಲಿ ತನ್ನನ್ನೇ ತೋರಿಸಿಕೊಂಡು ಹೊಟ್ಟೆ ಹೊರೆದ. ಮೇರಿ ಆನ್‌ಳನ್ನು ಬಿಟ್ಟು ಹಾಡುಗಾರ್ತಿಯೊಬ್ಬಳ ಜೊತೆ ಸಂಸಾರ ಹೂಡಿದ. 1895ರಲ್ಲಿ ಹಣಕ್ಕಾಗಿ ಪತ್ರಿಕೆಯೊಂದಕ್ಕೆ ನಾನು ಆರ್ಥರ್ ಆರ್ಟನ್ ಎಂದು ಬರೆದುಕೊಟ್ಟ. ಬೇಗನೆ ಆ ಮಾತನ್ನು ಹಿಂತೆಗೆದುಕೊಂಡ. ಹಣ ಪಡೆದು ಕೊಟ್ಟ ತಪ್ಪೊಪ್ಪಿಗೆಗೆ ಯಾವ ನ್ಯಾಯಾಲಯದಲ್ಲೂ ಬೆಲೆ ಇಲ್ಲ, ಹಾಗಾಗಿ ನಾನು ಅದನ್ನು ಎರಡೂ ಕಡೆ ಲೆಕ್ಕಕ್ಕೆ ಹಿಡಿಯುವುದಿಲ್ಲ. 1898ರ ಏಪ್ರಿಲ್ 1ಕ್ಕೆ ಸತ್ತ. ತಾರೀಖು ನೋಡಿ ನಗಬೇಡಿ.

ಬೀದಿದೀಪ:

ಕೊನೆಯ ಪ್ರಶ್ನೆ. ಕೆನೀಲಿ ಪಾರ್ಲಿಮೆಂಟಿನಲ್ಲಿ ಏನಾದರೂ ಸಾಧಿಸಿದನೇ?

ಕೆಂಪುಮಸಿ:

1875ರ ಏಪ್ರಿಲಿನಲ್ಲಿ ಮರುತನಿಖೆಗೆ ಆಯೋಗ ಬೇಕೆಂದು ನಿರ್ಣಯ ಮಂಡಿಸಿದ. ವಿರುದ್ಧ 433, ಪರ 1.

ಬೀದಿದೀಪ:

ಆ ಒಂದು ಅವನದೇ ಮತವೇ?

ಕೆಂಪುಮಸಿ:

ಅಲ್ಲ. ಅವನು ಮತ ಎಣಿಸುವವನಾಗಿ ನಿಂತಿದ್ದ, ಎಣಿಸುವವರ ಮತ ಲೆಕ್ಕಕ್ಕಿಲ್ಲ. ಆ ಒಂದು ಮತ ಮೇಜರ್ ಓ'ಗೋರ್ಮನ್ ಎಂಬ ಐರಿಷ್ ಸದಸ್ಯನದು.